ಓಡುವ ಕುದುರೆಯ ಒಳಗಿನ ಕೆರೆ

ತುಲಾ ಸಂಕ್ರಮಣಕ್ಕೆಂದು ಭಾಗಮಂಡಲಕ್ಕೆ ಹೋಗಿದ್ದ ನನ್ನ ಸೋದರಮಾವ ತೀರ್ಥದ ಬಾಟಲಿಯ ಜೊತೆಗೆ ಒಂದು ಕಬ್ಬಿಣದ ಉಂಗುರವನ್ನೂ ತಂದಿದ್ದರು. ಅದು ಕಪ್ಪು ಕುದುರೆಯ ಸವೆದ ಲಾಳದಿಂದ ಮಾಡಿದ್ದೆಂದೂ ಬೆರಳಿಗೆ ಹಾಕಿಕೊಂಡರೆ ಶನಿಕಾಟ ಕಳೆಯುತ್ತದೆಂದೂ ಮಾರುವವನು ಹೇಳಿದ್ದನಂತೆ. ತಟ್ಟೆಯ ತುಂಬ ಉಂಗುರಗಳನ್ನು ಹರಡಿಕೊಂಡು ಕುಳಿತವನಿಗೆ ಅಷ್ಟೊಂದು ಕಪ್ಪು ಕುದುರೆಗಳು ಎಲ್ಲಿ ಸಿಕ್ಕವು ಎಂದು ನಾನು ಕೇಳಿದೆ. "ನಿನಗೆ ಎಲ್ಲದರಲ್ಲೂ ಲೆಕ್ಕ" ಎಂದು ಹೇಳಿ ಮಾವ ತೋಟದ ಕಡೆಗೆ ನಡೆದರು. ಲೆಕ್ಕ ಕೇಳುವುದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಲಾಳವೆಂದರೆ ಕುದುರೆಯ ಚಪ್ಪಲಿ. ಓಟಗಾರನ ಹಳೆಯ ಚಪ್ಪಲಿಯನ್ನು ಕೊರಳಿಗೆ ಕಟ್ಟಿಕೊಂಡು ಯಾರೂ ಓಟದಲ್ಲಿ ಗೆದ್ದದ್ದಿಲ್ಲ.

ನಮ್ಮ ಕೊಡಗು ಕುದುರೆಯ ನಾಡಲ್ಲ ಎಂಬುದು ನಿಜ. ಬಯಲುಸೀಮೆಯಲ್ಲಿ ಮೆರೆದ ಹೈದರ್ ಮತ್ತು ಟಿಪ್ಪುವಿನ ಅಶ್ವದಳಗಳಿಗೆ ಇಲ್ಲಿಯ ಕಾಡು, ಗುಡ್ಡ, ಕೆಸರುಗದ್ದೆಗಳ ನಡುವೆ ಆ ವೇಗವನ್ನು ತೋರಿಸಲಾಗಲಿಲ್ಲ. ಊರೂರಿನ ಸುತ್ತ ಹಿರಿಯರು ತೋಡಿದ್ದ ಕಡಂಗಗಳೆಂಬ ಆಳವಾದ ಕಂದಕಗಳು ಕಾಲಾಳನ್ನೇ ತಡೆಯುವಂಥವು, ಕುದುರೆಯ ಮಾತಿರಲಿ. ದೇವರಕಾಡಿನಲ್ಲಿ ಅಯ್ಯಪ್ಪನಿಗೆ ನಾವು ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುತ್ತೇವೆ, ಬೇಟೆಯ ನಾಡಿಗೆ ಅದೇ ಸರಿ. ಆದರೂ ಕುದುರೆಯ ಕುರಿತ ನಂಬಿಕೆಗಳು ಮಾತ್ರ ಘಟ್ಟ ಹತ್ತಿ ಬಂದಿವೆ. ಮೈಮೇಲಿನ ಸುಳಿ ನೋಡಿ ಕುದುರೆಯ ಯೋಗ್ಯತೆಯನ್ನು, ಅದನ್ನು ಕೊಂಡವನ ಅದೃಷ್ಟವನ್ನು ಕೂಡ ಹೇಳುವವರು ಇಂದಿಗೂ ಇದ್ದಾರೆ. ಸುಳಿ ಎಂದರೆ ಕೂದಲು ಬೆಳೆದ ದಿಕ್ಕು, ಅಷ್ಟೇ. ಚರಿತ್ರೆಯಲ್ಲಿ ಹೆಸರು ಮಾಡಿದ ಕೆಲವು ಕುದುರೆಗಳ ದೇಹಗಳನ್ನು ಸತ್ತ ಮೇಲೆ ಕೊಯ್ದು, ತೂಗಿ, ಅಳೆದು ನೋಡಿದ್ದಾರೆ. ಅಲ್ಲಿ ಕಂಡದ್ದು ಯಾವ ಸುಳಿಶಾಸ್ತ್ರಕ್ಕಿಂತಲೂ ಬೆರಗಿನದು.

ಮೊದಲನೆಯದು ಎಕ್ಲಿಪ್ಸ್. 1764ರ ಏಪ್ರಿಲ್ 1ರ ಸೂರ್ಯಗ್ರಹಣದ ವೇಳೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ್ದರಿಂದ ಈ ಮರಿಗೆ ಗ್ರಹಣದ ಹೆಸರನ್ನೇ ಇಟ್ಟರು. ಗ್ರಹಣಕಾಲದಲ್ಲಿ ಹುಟ್ಟಿದ್ದು ಅಪಶಕುನವೆನ್ನುವವರು ಗಮನಿಸಬೇಕು: ಎಕ್ಲಿಪ್ಸ್ ಓಡಿದ 18 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಇಂದು ಜಗತ್ತಿನಲ್ಲಿರುವ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳಲ್ಲಿ ನೂರಕ್ಕೆ ಸುಮಾರು 95ರ ಗಂಡುವಂಶದ ಸಾಲು ಈ ಒಂದೇ ಕುದುರೆಗೆ ಹೋಗಿ ಮುಟ್ಟುತ್ತದೆ ಎಂದು ವಂಶಾವಳಿಗಳು ಹೇಳುತ್ತವೆ. ಮೈಸೂರು, ಬೆಂಗಳೂರುಗಳ ರೇಸಿನಲ್ಲಿ ಓಡುವ ಕುದುರೆಗಳೂ ಕುಣಿಗಲ್ಲಿನ ಫಾರಂನಲ್ಲಿ ಹುಟ್ಟಿದವೂ ಬಹುಪಾಲು ಇದೇ ಸಂತಾನ. 1789ರಲ್ಲಿ ಎಕ್ಲಿಪ್ಸ್ ಸತ್ತಾಗ ಅದರ ದೇಹವನ್ನು ಕೊಯ್ದು ಪರೀಕ್ಷಿಸಿದವನು ಸೇಂಟ್‌ಬೆಲ್ ಎಂಬ ಫ್ರೆಂಚ್ ಪಶುವೈದ್ಯ. ಆ ಕೆಲಸದಿಂದ ಅವನಿಗೆ ಬಂದ ಹೆಸರು, 1791ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿಗೆ ಅವನನ್ನು ಮೊದಲ ಪ್ರಾಧ್ಯಾಪಕನನ್ನಾಗಿ ಮಾಡಿತು. ಎಕ್ಲಿಪ್ಸ್‌ನ ಅಸ್ಥಿಪಂಜರ ಇಂದಿಗೂ ಅದೇ ಕಾಲೇಜಿನಲ್ಲಿದೆ. ಹೃದಯ 14 ಪೌಂಡ್, ಅಂದರೆ ಆರು ಕಿಲೋಗಿಂತ ತುಸು ಹೆಚ್ಚು ತೂಗಿತೆಂದು ಹೇಳುತ್ತಾರೆ.

ಇಲ್ಲಿ ಕೊಂಚ ದಾರಿ ತಪ್ಪುವುದಕ್ಕೆ ಓದುಗರ ಕ್ಷಮೆ ಇರಲಿ. ಎಕ್ಲಿಪ್ಸ್‌ನ ಮೊಮ್ಮಗ ಕೋಪನ್‌ಹೇಗನ್ ಎಂಬ ಕುದುರೆ. 1815ರ ಜೂನ್ 18ರಂದು ನೆಪೋಲಿಯನ್ನನ ವಿರುದ್ಧದ ವಾಟರ್‌ಲೂ ಕದನದಲ್ಲಿ ದಿನವಿಡೀ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ದೊರೆಯನ್ನು ಹೊತ್ತು ತಿರುಗಿದ್ದು ಇದೇ. ಅದಕ್ಕೂ ಸುಮಾರು ಹದಿನೈದು ವರ್ಷ ಮೊದಲು, ಕರ್ನಲ್ ವೆಲ್ಲೆಸ್ಲಿಯಾಗಿ ಶ್ರೀರಂಗಪಟ್ಟಣದಲ್ಲಿದ್ದಾಗ, ಇದೇ ಮನುಷ್ಯ ನಮ್ಮ ಕೊಡಗಿನ ಅರಸ ದೊಡ್ಡವೀರರಾಜೇಂದ್ರನೊಂದಿಗೆ ಪತ್ರವ್ಯವಹಾರ ನಡೆಸಿದ್ದ. ಯುದ್ಧ ಗೆದ್ದ ರಾತ್ರಿ ಕೆಳಗಿಳಿದು ಬೆನ್ನು ತಟ್ಟಲು ಹೋದ ಯಜಮಾನನ ಕಡೆಗೆ ಕೋಪನ್‌ಹೇಗನ್ ಹಿಂಗಾಲು ಝಾಡಿಸಿತು. ಒದೆ ಅವನ ತಲೆಗೆ ತಗುಲದೆ ಸ್ವಲ್ಪದರಲ್ಲೇ ತಪ್ಪಿತು. ನೆಪೋಲಿಯನ್ನನಿಂದ ಆಗದ್ದು ಆ ಒದೆಯಿಂದ ಆಗುತ್ತಿತ್ತೇನೋ. ಒಂದು ಇಡೀ ದಿನದ ದುಡಿಮೆಯ ನಂತರವೂ ಒದೆಯುವಷ್ಟು ಕಸುವು ಎಲ್ಲಿಂದ ಬಂತು ಎಂಬುದೇ ನನ್ನ ಪ್ರಶ್ನೆ.

ರೇಸಿನ ಜನ ಇದಕ್ಕೆ ಕೊಡುವ ಉತ್ತರ ಒಂದೇ: ದೊಡ್ಡ ಹೃದಯ. ನ್ಯೂಜಿಲೆಂಡಿನಲ್ಲಿ 1926ರಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಓಡಿದ ಫಾರ್ ಲ್ಯಾಪ್ ಅದಕ್ಕೆ ಮೊದಲ ಸಾಕ್ಷಿ. ಮುಖದ ತುಂಬ ಗುಳ್ಳೆಗಳಿದ್ದ, ನಡಿಗೆಯೂ ಚೆನ್ನಾಗಿರದ ಈ ಮರಿಯನ್ನು ಸುಳಿ ನೋಡುವವರ ಕೈಗೆ ಕೊಟ್ಟಿದ್ದರೆ ಗಾಡಿಗೆ ಕಟ್ಟಿ ಎನ್ನುತ್ತಿದ್ದರು. ಅದು 51 ಪಂದ್ಯಗಳಲ್ಲಿ 37ನ್ನು ಗೆದ್ದಿತು. 1930ರ ಮೆಲ್ಬರ್ನ್ ಕಪ್ ಅವುಗಳಲ್ಲೊಂದು. 1932ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹಠಾತ್ತನೆ ಸತ್ತಾಗ ಅದರ ಹೃದಯ 6.2 ಕಿಲೋ ತೂಗಿತು. ಸಾಧಾರಣ ಕುದುರೆಯದು ಸುಮಾರು ನಾಲ್ಕು ಕಿಲೋ. ಎರಡನೆಯ ಸಾಕ್ಷಿ ಅಮೆರಿಕದ ಸೆಕ್ರೆಟೇರಿಯಟ್. 1973ರ ಬೆಲ್ಮಾಂಟ್ ಪಂದ್ಯದಲ್ಲಿ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ, ಎರಡನೆಯ ಕುದುರೆಯನ್ನು 31 ಕುದುರೆಯುದ್ದ ಹಿಂದೆ ಬಿಟ್ಟ ಅದರ ದಾಖಲೆ ಇನ್ನೂ ಮುರಿದಿಲ್ಲ. 1989ರಲ್ಲಿ ಸತ್ತಾಗ ಕೊಯ್ದು ನೋಡಿದ ವೈದ್ಯರು ಆ ಹೃದಯ 22 ಪೌಂಡ್, ಅಂದರೆ ಸುಮಾರು ಹತ್ತು ಕಿಲೋ ಇರಬಹುದೆಂದು ಅಂದಾಜಿಸಿದರು. ತೂಗಲಿಲ್ಲ ಎಂಬುದನ್ನು ಮಾತ್ರ ಕಥೆ ಹೇಳುವವರೆಲ್ಲ ನುಂಗಿಬಿಡುತ್ತಾರೆ.

ಇಲ್ಲಿಂದ ಹೊಸ ಕಾಲದ ಸುಳಿಶಾಸ್ತ್ರ ಆರಂಭವಾಗುತ್ತದೆ. ದೊಡ್ಡ ಹೃದಯದ ಗುಣ ತಾಯಿಯ ಎಕ್ಸ್ ವರ್ಣತಂತುವಿನಲ್ಲಿ ಒಂದೇ ಗಂಟಾಗಿ ಇಳಿದು ಬರುತ್ತದೆ, ಆದ್ದರಿಂದ ಇಂಥ ಹೆಣ್ಣುಕುದುರೆಯ ಸಾಲನ್ನೇ ಕೊಳ್ಳಿ ಎಂದು ಹೇಳುವ ಒಂದು ವಾದವಿದೆ. ಅಂಥ ಒಂದು ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ ಎಂಬುದನ್ನು ಯಾರೂ ತೋರಿಸಿಕೊಟ್ಟಿಲ್ಲ. ಹೃದಯದ ಗಾತ್ರಕ್ಕೆ ಹಲವಾರು ಜೀನುಗಳೂ ಎಳವೆಯಿಂದ ಕೊಟ್ಟ ತಾಲೀಮೂ ಸೇರಿ ಕಾರಣ. ಹೃದಯ ದೊಡ್ಡದಾದ ಮಾತ್ರಕ್ಕೆ ಗೆಲುವು ಬರುವುದಿಲ್ಲ ಎಂಬುದಕ್ಕೆ ಸಾಕ್ಷಿ 1973ರ ಕೆಂಟಕಿ ಡರ್ಬಿ ಪಂದ್ಯದಲ್ಲಿ ಸೆಕ್ರೆಟೇರಿಯಟ್‌ನ ಹಿಂದೆಯೇ ಎರಡನೆಯದಾಗಿ ಬಂದ ಶ್ಯಾಮ್ ಎಂಬ ಕುದುರೆ. ಅದರ ಹೃದಯ 18 ಪೌಂಡ್ ತೂಗಿತು, ಫಾರ್ ಲ್ಯಾಪ್‌ನದಕ್ಕಿಂತ ಎಷ್ಟೋ ದೊಡ್ಡದು. ಬೆಲ್ಮಾಂಟ್‌ನಲ್ಲಿ ಅದು ಕೊನೆಯದಾಗಿ ಬಂತು.

ಹೃದಯ ಒಂದು ಪಂಪು. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟ ವರ್ಷ ಎಷ್ಟು ದೊಡ್ಡ ಡೀಸೆಲ್ ಪಂಪ್‌ಸೆಟ್ ತಂದಿಟ್ಟರೂ ಕೆರೆಯಲ್ಲಿ ನೀರಿಲ್ಲದಿದ್ದರೆ ಸ್ಪ್ರಿಂಕ್ಲರ್ ಕೊಳವೆಯಲ್ಲಿ ಗಾಳಿಯೇ ಬರುವುದು. ಕುದುರೆಯ ಒಳಗೂ ಅಂಥದೊಂದು ಕೆರೆ ಇದೆ. ಅದರ ಹೆಸರು ಗುಲ್ಮ.

ನಮ್ಮ ದೇಹದಲ್ಲಿ ಗುಲ್ಮವು ಹೊಟ್ಟೆಯ ಎಡಮೂಲೆಯಲ್ಲಿ ಹಳೆಯ ರಕ್ತಕಣಗಳನ್ನು ಸೋಸಿ ತೆಗೆಯುತ್ತ ಕುಳಿತಿರುವ ಸಣ್ಣ ಅಂಗ. ಕುದುರೆಯಲ್ಲಿ ಅದು ಕುಡುಗೋಲಿನ ಆಕಾರದ ಉದ್ದನೆಯ ಉಗ್ರಾಣ. ಕುದುರೆ ಲಾಯದಲ್ಲಿ ನಿಂತು ಹುಲ್ಲು ಮೆಲ್ಲುವಾಗ ಅದರ ಮೈಯಲ್ಲಿ ಆಮ್ಲಜನಕ ಹೊರುವ ಒಟ್ಟು ಕೆಂಪು ರಕ್ತಕಣಗಳಲ್ಲಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಈ ಉಗ್ರಾಣದಲ್ಲಿ ಸುಮ್ಮನೆ ಮಲಗಿರುತ್ತದೆ. ಓಟದ ಕರೆ ಬಂದೊಡನೆ ಅಡ್ರಿನಲಿನ್ ಹರಿಯುತ್ತದೆ, ಗುಲ್ಮದ ಹೊದಿಕೆಯಲ್ಲಿರುವ ಸ್ನಾಯುಗಳು ಹಿಂಡುತ್ತವೆ, ಆ ಕಣಗಳೆಲ್ಲ ರಕ್ತದೊಳಗೆ ನುಗ್ಗುತ್ತವೆ. ಮುಂಗಾರಿನಲ್ಲಿ ಹಾರಂಗಿ ಅಣೆಕಟ್ಟಿನ ಕ್ರೆಸ್ಟ್ ಗೇಟು ತೆಗೆದ ಹಾಗೆ ಎನ್ನಬಹುದು. ಆದರೆ ಆ ಹೋಲಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ಇಲ್ಲಿ ಹೆಚ್ಚಾಗುವುದು ನೀರಲ್ಲ, ನೀರಿನಲ್ಲಿರುವ ಸಾಮಾನು. ಕಾಫಿ ಹಣ್ಣು ಕುಯ್ಯುವ ಕಾಲವನ್ನು ನೆನೆಯಿರಿ: ತೋಟಕ್ಕೆ ಆಳುಗಳನ್ನು ತರುವ ಜೀಪು ಎಷ್ಟು ಸಲ ಓಡಾಡುತ್ತದೆ ಎಂಬುದು ಹೃದಯದ ಲೆಕ್ಕ, ಪ್ರತಿ ಸಲ ಅದರಲ್ಲಿ ಎಷ್ಟು ಜನ ಕುಳಿತಿರುತ್ತಾರೆ ಎಂಬುದು ಗುಲ್ಮದ ಲೆಕ್ಕ. ಅರ್ಧ ಖಾಲಿ ಜೀಪು ಹತ್ತು ಸಲ ಓಡಿದರೆ ಡೀಸೆಲ್ ಖರ್ಚು, ಕುಯ್ಲು ಆಗುವುದಿಲ್ಲ. ನಿಂತ ಕುದುರೆಯ ರಕ್ತದಲ್ಲಿ ಕಣಗಳ ಪಾಲು ನೂರಕ್ಕೆ ಸುಮಾರು 40 ಇದ್ದರೆ, ನಾಗಾಲೋಟದಲ್ಲಿ ಅದು 60ನ್ನೂ ದಾಟುತ್ತದೆ. ಮನುಷ್ಯನ ರಕ್ತ ಅಷ್ಟು ಗಟ್ಟಿಯಾದರೆ ವೈದ್ಯರು ಕೂಡಲೇ ಆಸ್ಪತ್ರೆಗೆ ಸೇರಿಸುತ್ತಾರೆ. ರಕ್ತಕಣಗಳನ್ನು ಹೆಚ್ಚಿಸಿಕೊಳ್ಳಲು ಸೈಕಲ್ ಪಂದ್ಯಗಳ ಓಟಗಾರರು ಕದ್ದು ಚುಚ್ಚಿಸಿಕೊಂಡು ಸಿಕ್ಕಿಬಿದ್ದದ್ದು ಎಲ್ಲರಿಗೂ ಗೊತ್ತು; ಕುದುರೆಯಾದರೋ ಯಾವ ಸೂಜಿಯೂ ಇಲ್ಲದೆ, ಯಾವ ನಿಯಮವನ್ನೂ ಮುರಿಯದೆ, ಪ್ರತಿ ಓಟದಲ್ಲೂ ತನಗೆ ತಾನೇ ಅದನ್ನು ಮಾಡಿಕೊಳ್ಳುತ್ತದೆ.

ಇನ್ನೊಂದು ಸೊಗಸು ಏನೆಂದರೆ ಇದಕ್ಕೆ ಓಟ ಆರಂಭವಾಗಬೇಕೆಂದೂ ಇಲ್ಲ. ಬೆನ್ನಿಗೆ ತಡಿ ಬಿಗಿಯುವ ಸದ್ದಿಗೇ ಗುಲ್ಮ ಹಿಂಡಲು ಶುರುಮಾಡುತ್ತದೆ. ಬೆದರಿದ ಕುದುರೆಯಿಂದ ತೆಗೆದ ರಕ್ತದ ಪರೀಕ್ಷೆಯನ್ನು ಪಶುವೈದ್ಯರು ಅನುಮಾನದಿಂದಲೇ ಓದುವುದು ಇದೇ ಕಾರಣಕ್ಕೆ. ಗುಲ್ಮವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಕುದುರೆಗಳನ್ನು ಓಡಿಸಿ ನೋಡಿದಾಗ ಅವುಗಳ ಕಸುವು ಕುಗ್ಗಿದ್ದು ಕಂಡಿದೆ. ಉಸಿರು ಹಿಡಿದು ಸಮುದ್ರದಲ್ಲಿ ಮುಳುಗುವ ಇಂಡೋನೇಷ್ಯಾದ ಬಜಾವು ಜನರ ಗುಲ್ಮ ನೆರೆಯ ಊರಿನವರದಕ್ಕಿಂತ ನೂರಕ್ಕೆ ಸುಮಾರು ಐವತ್ತರಷ್ಟು ಹೆಚ್ಚು ದೊಡ್ಡದೆಂದು 2018ರಲ್ಲಿ ತಿಳಿದುಬಂತು. ಕುದುರೆ ಬಳಸುವ ಉಪಾಯವೇ ಅಲ್ಲಿಯೂ ಇದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1973ರ ಡರ್ಬಿಯ ಅಂಕಿಗಳನ್ನು ಮತ್ತೆ ನೋಡಬೇಕು. ಒಂದೂಕಾಲು ಮೈಲಿಯ ಆ ಪಂದ್ಯವನ್ನು ಕಾಲು ಮೈಲಿಯ ಐದು ತುಂಡುಗಳಾಗಿ ಅಳೆದರೆ ಸೆಕ್ರೆಟೇರಿಯಟ್ ಪ್ರತಿ ತುಂಡನ್ನೂ ಹಿಂದಿನದಕ್ಕಿಂತ ಬೇಗ ಓಡಿತ್ತು. ಮೊದಲ ತುಂಡಿಗೆ 25 ಸೆಕೆಂಡಿಗೂ ಹೆಚ್ಚು, ಕೊನೆಯದಕ್ಕೆ 23. ಉಳಿದ ಕುದುರೆಗಳು ದಣಿಯುವ ಹೊತ್ತಿನಲ್ಲಿ ಇದು ವೇಗ ಏರಿಸಿತು. ನಿಂತಾಗ ನಿಮಿಷಕ್ಕೆ ಮೂವತ್ತೈದು ನಲವತ್ತು ಸಲ ಬಡಿಯುವ ಕುದುರೆಯ ಹೃದಯ ಓಟದಲ್ಲಿ 220ಕ್ಕೂ ಮೇಲೆ ಹೋಗುತ್ತದೆ, ಒಂದೊಂದು ಬಡಿತಕ್ಕೆ ಒಂದು ಲೀಟರಿನಷ್ಟು ರಕ್ತವನ್ನು ದೂಡುತ್ತದೆ. ಆ ಪಂಪು ದೊಡ್ಡದಾಗಿ, ರಕ್ತವೂ ಕಣಗಳಿಂದ ತುಂಬಿದ್ದಾಗ ಸ್ನಾಯುಗಳಿಗೆ ಆಮ್ಲಜನಕದ ಬರ ಬರುವುದು ತಡವಾಗುತ್ತದೆ. ಸೆಕ್ರೆಟೇರಿಯಟ್‌ನ ಗೆಲುವಿಗೆ ಇದೊಂದೇ ಕಾರಣವೆನ್ನುವುದು ಇನ್ನೊಂದು ಸುಳಿಶಾಸ್ತ್ರವಾದೀತು. ಹೆಜ್ಜೆಯ ಉದ್ದ, ಸವಾರನ ಸಂಯಮ ಎಲ್ಲವೂ ಅಲ್ಲಿದ್ದವು.

ಉಸಿರಾಟದ ಲೆಕ್ಕವೂ ವಿಚಿತ್ರವಾದದ್ದು. ಕುದುರೆ ಬಾಯಿಂದ ಉಸಿರಾಡಲಾರದು, ಮೂಗೇ ಗತಿ; ನಾಗಾಲೋಟದಲ್ಲಿ ಒಂದು ಹೆಜ್ಜೆಗೆ ಒಂದೇ ಉಸಿರು. ಮುಂಗಾಲು ನೆಲಕ್ಕೆ ಬಡಿದಾಗ ಗಾಳಿ ಹೊರಗೆ, ಕತ್ತೆತ್ತಿ ಮೈ ಚಾಚಿದಾಗ ಒಳಗೆ. ನಮ್ಮ ವಾಲಗದಲ್ಲಿ ಕೊಂಬು ಊದುವವನು ತಾಳ ಬಿಟ್ಟು ಉಸಿರೆಳೆಯುವಂತಿಲ್ಲವಲ್ಲ, ಹಾಗೆ. ಈ ಏರ್ಪಾಡಿಗೆಲ್ಲ ಬೆಲೆಯೂ ಇದೆ. ಗಟ್ಟಿ ಅಂಬಲಿಯನ್ನು ಸಣ್ಣ ಕೊಳವೆಯಲ್ಲಿ ದೂಡಿದಂತೆ, ಕಣ ತುಂಬಿದ ರಕ್ತವನ್ನು ಅಷ್ಟು ರಭಸದಿಂದ ಶ್ವಾಸಕೋಶಕ್ಕೆ ದೂಡಿದಾಗ ಅಲ್ಲಿಯ ಎಳೆಯಷ್ಟು ಸಣ್ಣ ನಾಳಗಳು ಒಡೆಯುತ್ತವೆ. ಓಟ ಮುಗಿಸಿದ ಕೆಲವು ಕುದುರೆಗಳ ಮೂಗಿನಲ್ಲಿ ರಕ್ತ ಕಾಣುವುದುಂಟು. ನೋಡಿದವರು ದೃಷ್ಟಿ ತಾಗಿತೆಂದು ನಿಂಬೆಹಣ್ಣು ನಿವಾಳಿಸುತ್ತಾರೆ. ಎಕ್ಲಿಪ್ಸ್‌ನ ಮುತ್ತಜ್ಜ ಬಾರ್ಟ್‌ಲೆಟ್ಸ್ ಚೈಲ್ಡರ್ಸ್ ಎಂಬ ಕುದುರೆಗೆ 'ರಕ್ತ ಸುರಿಸುವ ಚೈಲ್ಡರ್ಸ್' ಎಂಬ ಅಡ್ಡಹೆಸರೇ ಇತ್ತು. ಅಂದಮೇಲೆ ಇದು ಇಂದು ನಿನ್ನೆಯ ಕಾಯಿಲೆಯಲ್ಲ, ಯಾರ ಕಣ್ಣಿನ ದೋಷವೂ ಅಲ್ಲ.

ರೇಸಿನ ಮೈದಾನ ಬಿಟ್ಟು ಗುಡ್ಡ ಹತ್ತಿದ ಒಂದು ಕುದುರೆಯ ಮಾತು ಹೇಳದಿದ್ದರೆ ಕೊಡಗಿನವನಾಗಿ ನನಗೆ ಸಮಾಧಾನವಿಲ್ಲ. 1952ರಲ್ಲಿ, ಕೊರಿಯಾ ಯುದ್ಧದ ಕಾಲದಲ್ಲಿ, ಅಮೆರಿಕದ ಮರೀನ್ ಸೈನಿಕರು ಸೋಲ್ ನಗರದ ರೇಸ್ ಮೈದಾನದಲ್ಲಿ 250 ಡಾಲರ್ ಕೊಟ್ಟು ಒಂದು ಗಿಡ್ಡ ಹೆಣ್ಣುಕುದುರೆಯನ್ನು ಕೊಂಡು ರೆಕ್‌ಲೆಸ್ ಎಂದು ಹೆಸರಿಟ್ಟರು. 1953ರ ಮಾರ್ಚಿನಲ್ಲಿ ವೇಗಾಸ್ ಎಂಬ ಠಾಣೆಗಾಗಿ ನಡೆದ ಕದನದಲ್ಲಿ ಅದು ಒಂದೇ ದಿನದಲ್ಲಿ 51 ಸಲ ಫಿರಂಗಿ ಮದ್ದನ್ನು ಹೊತ್ತು ಕಡಿದಾದ ಗುಡ್ಡ ಹತ್ತಿತು, ಗಾಯಗೊಂಡರೂ ನಿಲ್ಲಲಿಲ್ಲ, ಹೆಚ್ಚಿನ ಸಲ ಲಗಾಮು ಹಿಡಿಯುವವರೇ ಜೊತೆಯಲ್ಲಿರಲಿಲ್ಲ. ಆ ದಿನ ಅದು ಹೊತ್ತ ಒಟ್ಟು ಭಾರ ನಾಲ್ಕು ಟನ್ನಿಗೂ ಮೇಲೆ. ಅದೇ ವರ್ಷ ಅದೇ ಕೊರಿಯಾಕ್ಕೆ, ಯುದ್ಧಕೈದಿಗಳ ವಾಪಸಾತಿಯ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು ಹೋದರು. ರೆಕ್‌ಲೆಸ್‌ನದು ಸೆಕ್ರೆಟೇರಿಯಟ್‌ನಂಥ ಓಟವಲ್ಲ. ಭಾರ ಹೊತ್ತು ಏರುವಾಗ ಗುಲ್ಮ ತನ್ನ ಕಣಗಳನ್ನು ಹೊರಗೆ ಬಿಟ್ಟಿರುತ್ತದೆ; ದುಡಿಮೆ ಮುಗಿದು ಮೈ ತಣಿದ ಮೇಲೆ ಅವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಮತ್ತೆ ತುಂಬಿಕೊಳ್ಳುತ್ತದೆ. ದಾರಿಯನ್ನು ಮಾತ್ರ ಅದು ನೆನಪಿನಿಂದ ಹತ್ತಿತು, ಅದಕ್ಕೆ ಗುಲ್ಮ ಹೊಣೆಯಲ್ಲ.

ಫಾರ್ ಲ್ಯಾಪ್ ಸತ್ತಮೇಲೆ ಅದನ್ನು ಹಂಚಿಕೊಂಡ ಬಗೆ ನಮ್ಮ ಕಡೆಯ ಆಸ್ತಿಪಾಲಿನಂತಿದೆ. ಚರ್ಮ ಮೆಲ್ಬರ್ನ್‌ನ ಸಂಗ್ರಹಾಲಯಕ್ಕೆ ಹೋಯಿತು, ಅಸ್ಥಿಪಂಜರ ನ್ಯೂಜಿಲೆಂಡಿಗೆ, ಹೃದಯ ಕ್ಯಾನ್‌ಬೆರಾಕ್ಕೆ. ಆ ಹೃದಯದ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಗುಲ್ಮ ಮಾತ್ರ ಯಾರ ಪಾಲಿಗೂ ಬರಲಿಲ್ಲ.