ರೇಷ್ಮೆ ಪ್ಯೂಪಾ ತಿಂದ ಕೋಳಿಯ ಮೊಟ್ಟೆಗೆ ವಾಸನೆ ಬರುತ್ತದೆಯೇ?

ಪ್ರಶ್ನೆ: ನಮ್ಮ ಊರಿನ ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಘಟಕವಿದೆ. ಅಲ್ಲಿನ ಪ್ಯೂಪಾ (ರೇಷ್ಮೆ ಗೂಡಿನೊಳಗಿನ ಹುಳು) ತಂದು ನಾಟಿ ಕೋಳಿಗಳಿಗೆ ಹಾಕಬಹುದೇ? ಮೊಟ್ಟೆಗೆ ವಾಸನೆ ಹತ್ತುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ನಾಯಿಗೂ ಕೊಡಬಹುದೇ?

ಉತ್ತರ: ಕೋಳಿಗೆ ಧಾರಾಳವಾಗಿ ಹಾಕಬಹುದು. ಹೆದರಿಸುವವರ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ವಾಸನೆ ಬಂದರೆ ದೂರಬೇಕಾದದ್ದು ಹುಳುವನ್ನಲ್ಲ. ಸರಿಯಾಗಿ ಒಣಗಿಸದೆ ಮೊರಗಟ್ಟಲೆ ಸುರಿದವರನ್ನು.

1 ಕೆ.ಜಿ. ಕಚ್ಚಾ ರೇಷ್ಮೆಗೆ ಸುಮಾರು 6ರಿಂದ 8 ಕೆ.ಜಿ. ಗೂಡು ಬೇಕು. ನೂಲು ಬಿಚ್ಚಿಕೊಂಡ ಮೇಲೆ ಉಳಿಯುವುದು ಬೆಂದ ಪ್ಯೂಪಾ. ಶಿಡ್ಲಘಟ್ಟ, ರಾಮನಗರದ ಕಡೆಯವರಿಗೆ ಅದರ ವಾಸನೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಐರೋಪ್ಯ ಒಕ್ಕೂಟ ಸಾಕಿದ ಮೀನುಗಳಿಗೆ ಕೀಟದ ಪ್ರೊಟೀನು ತಿನ್ನಿಸಲು ಒಪ್ಪಿದ್ದು 2017ರಲ್ಲಿ, ಕೋಳಿ ಮತ್ತು ಹಂದಿಗೆ 2021ರಲ್ಲಿ. ಅಲ್ಲಿ ಅದಕ್ಕೆಂದೇ ಕಾರ್ಖಾನೆ ಕಟ್ಟಿ ಹುಳು ಸಾಕುತ್ತಾರೆ. ನಮ್ಮಲ್ಲಿ ಬೇಡವೆಂದರೂ ರಾಶಿ ಬೀಳುತ್ತದೆ.

ಒಣಗಿದ ಪ್ಯೂಪಾದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೊಟೀನು, ಕಾಲು ಭಾಗದಷ್ಟು ಎಣ್ಣೆ. ಸೋಯಾ ಹಿಂಡಿಗಿಂತ ಒಂದು ಕೈ ಮೇಲೆಂದೇ ಹೇಳಬಹುದು. ತಕರಾರು ಇರುವುದು ಎಣ್ಣೆಯಲ್ಲಿ. ಅಗಸೆ ಎಣ್ಣೆಯಲ್ಲಿರುವ ಲಿನೋಲೆನಿಕ್ ಆಮ್ಲವೇ ಇದರಲ್ಲೂ ಹೇರಳ. ಗಾಳಿ ತಾಗಿದರೆ ಅದು ಬೇಗ ಕಮಟುತ್ತದೆ. ಆ ಕಮಟೇ ಮೊಟ್ಟೆಗೂ ಮಾಂಸಕ್ಕೂ ದಾಟುವುದು. ಎಣ್ಣೆ ಹಿಂಡಿ ತೆಗೆದ ಪುಡಿ ಸಿಕ್ಕರೆ ಈ ತಲೆನೋವು ಬಹುಪಾಲು ಇಲ್ಲ.

ಹಸಿಯಾಗಿ ತರುವುದಾದರೆ ಅದೇ ದಿನದ್ದನ್ನು ತನ್ನಿ. ಮುಕ್ಕಾಲು ಪಾಲು ನೀರೇ ಇರುವುದರಿಂದ ಗೋಣಿಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಕೊಳೆಯತೊಡಗುತ್ತದೆ. ಬಿಸಿಲು ಬೀಳುವ ತಾರಸಿಯ ಮೇಲೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ. ಒಂದನ್ನು ಬೆರಳುಗಳ ನಡುವೆ ಒತ್ತಿ ನೋಡಿ: ಪಟ್ಟನೆ ಮುರಿದರೆ ಒಣಗಿದೆ, ಒಳಗೆ ಮೆತ್ತಗಿದ್ದರೆ ಇನ್ನೂ ಬಿಸಿಲು ಬೇಕು. ಬೂಷ್ಟು ಹಿಡಿದಿದ್ದರೆ ಆಸೆಪಡದೆ ತಿಪ್ಪೆಗೆ ಸುರಿಯಿರಿ. ಮಳೆಗಾಲದಲ್ಲಂತೂ ಈ ಉಸಾಬರಿಯೇ ಬೇಡ.

ಪುಡಿ ಮಾಡಿ, ರಾಗಿ ಅಥವಾ ಜೋಳದ ನುಚ್ಚಿನ ಜೊತೆ ಬೆರೆಸಿ ಹಾಕಿ. ಎಣ್ಣೆ ತೆಗೆಯದ ಪ್ಯೂಪಾ ಒಟ್ಟು ಮೇವಿನ ನೂರಕ್ಕೆ 5 ಪಾಲು ದಾಟದಿರಲಿ ಎಂಬುದು ನನ್ನ ಸಲಹೆ. ಮಾಂಸಕ್ಕೆ ಸಾಕಿದ್ದಾದರೆ ಕೊಯ್ಯುವ ಎರಡು ವಾರ ಮೊದಲೇ ನಿಲ್ಲಿಸಿಬಿಡಿ. ಪ್ಯೂಪಾದಲ್ಲಿ ಸುಣ್ಣದ ಅಂಶ ಕಡಿಮೆ. ಆದ್ದರಿಂದ ಮೊಟ್ಟೆ ಇಡುವ ಕೋಳಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆಯಾಗಿ ಇಡಲೇಬೇಕು. ಇಲ್ಲದಿದ್ದರೆ ಪ್ರೊಟೀನು ಎಷ್ಟೇ ಸಿಕ್ಕರೂ ಮೊಟ್ಟೆಯ ಸಿಪ್ಪೆ ತೆಳ್ಳಗಾಗುತ್ತದೆ.

ನಾಯಿಗೆ ಚೆನ್ನಾಗಿ ಒಣಗಿದ ನಾಲ್ಕಾರು ಪ್ಯೂಪಾ ಆಗೊಮ್ಮೆ ಈಗೊಮ್ಮೆ ಕೊಟ್ಟರೆ ತೊಂದರೆಯಿಲ್ಲ. ತಟ್ಟೆ ತುಂಬ ಹಾಕಿದರೆ ಎಣ್ಣೆ ಹೆಚ್ಚಾಗಿ ಭೇದಿ ಶುರುವಾದೀತು.