ಹೂ ಬೀಳಲಿಲ್ಲ

ದೇವರ ಮುಂದೆ ಹೂ ಕೇಳುವ ರೂಢಿ ನಮ್ಮಲ್ಲಿ ಹಳೆಯದು. ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ ಅಂತ. ಬೀಳದೇ ಇದ್ದರೆ? ಕನ್ನಡ ಸಿನಿಮಾ ಈ ಪ್ರಶ್ನೆಯ ಮುಂದೆ ಬಂದು ನಿಂತಿದ್ದು 1970ರಲ್ಲಿ, ‘ಸಂಸ್ಕಾರ’ದಲ್ಲಿ. ಅಲ್ಲಿಯವರೆಗೆ ತೆರೆಯ ಮೇಲಿನ ದೇವರು ಭಕ್ತನನ್ನು ಎಷ್ಟೇ ಗೋಳಾಡಿಸಿದರೂ ಕೊನೆಗೆ ಓಗೊಡುತ್ತಿದ್ದ.

ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ (1954) ನೋಡಿ. ನಾಯಕನಾಗಿ ರಾಜ್‌ಕುಮಾರ್ ಅವರ ಮೊದಲ ಚಿತ್ರ. ಅದರಲ್ಲಿ ಬೇಡ ಶಿವನನ್ನು ಕೇಳೋದು ಮೋಕ್ಷ ಅಲ್ಲ, ಊಟ. ಹಸಿವು ತಾಳಲಾರೆ, ಕಾಪಾಡು ಅಂತ ಹಾಡುತ್ತಾನೆ. ಮುಂದೆ ಲಿಂಗದ ಕಣ್ಣಲ್ಲಿ ರಕ್ತ ಸುರಿದಾಗ ತನ್ನ ಒಂದು ಕಣ್ಣನ್ನೇ ಕಿತ್ತು ಇಡುತ್ತಾನೆ. ಎರಡನೆಯದನ್ನೂ ಕಿತ್ತರೆ ಇಡುವ ಜಾಗ ಕಾಣೋದಿಲ್ಲ ಅಲ್ವಾ? ಅದಕ್ಕೆ ಗುರುತಿಗೆಂದು ಲಿಂಗದ ಮೇಲೆ ಕಾಲಿಡುತ್ತಾನೆ. ಮಡಿ ಗೊತ್ತಿಲ್ಲದವನ ಆ ಪಾದವನ್ನು ಶಿವ ಒಪ್ಪಿಕೊಳ್ಳುತ್ತಾನೆ. ಈ ಕಥೆ ನೆನೆದಾಗಲೆಲ್ಲ ನನಗೆ ಕಣ್ಣಿಗಿಂತ ಆ ಪಾದವೇ ದೊಡ್ಡದಾಗಿ ಕಾಣುತ್ತದೆ.

‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಇದಕ್ಕೆ ತದ್ವಿರುದ್ಧ. ಶಾಸ್ತ್ರವೆಲ್ಲ ಬಾಯಿಪಾಠ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ಚಿತ್ರ ಮಾಡಿದರು, ಆಚಾರ್ಯರಾಗಿ ಗಿರೀಶ್ ಕಾರ್ನಾಡ್. ಅಗ್ರಹಾರದಲ್ಲಿ ಪ್ಲೇಗ್. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವವರಿಲ್ಲ, ಎತ್ತುವ ತನಕ ಯಾರೂ ಉಣ್ಣುವ ಹಾಗಿಲ್ಲ. ಇಲ್ಲೂ ಹಸಿವೇ. ಆಚಾರ್ಯರು ಓಲೆಗರಿ ತಿರುವಿ ಸೋತು ಮಾರುತಿಯ ಗುಡಿಗೆ ಹೋಗುತ್ತಾರೆ. ಹೊತ್ತು ಇಳಿದರೂ ಉತ್ತರ ಸಿಗೋದಿಲ್ಲ. ಇತ್ತ ಹೆಣ ಕೊಳೆಯುತ್ತಿದೆ. ಕೊನೆಗೆ ಆ ಹೆಣಕ್ಕೆ ಬೆಂಕಿ ಕಾಣಿಸುವ ವ್ಯವಸ್ಥೆ ಮಾಡಿದವಳು ನಾರಣಪ್ಪನ ಜೊತೆಗಿದ್ದ ಚಂದ್ರಿ. ಅದಕ್ಕೆ ಕೈಜೋಡಿಸಿದವನು ಒಬ್ಬ ಮುಸ್ಲಿಂ. ದೇವರು ಸುಮ್ಮನಿದ್ದ ಕಡೆ ಮನುಷ್ಯರು ಮಾಡಿದ ಕೆಲಸ ಅದು.

ಸೆನ್ಸಾರ್ ಮೊದಲು ಈ ಚಿತ್ರವನ್ನು ತಡೆಹಿಡಿಯಿತು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲ ಸಲ.

ಹಾಗಂತ ಭಕ್ತಿಯ ಚಿತ್ರಗಳು ನಿಂತುಹೋಗಲಿಲ್ಲ. 1974ರಲ್ಲಿ ‘ಭಕ್ತ ಕುಂಬಾರ’ ಬಂತು. ವಿಠ್ಠಲನ ಧ್ಯಾನದಲ್ಲಿ ಮಣ್ಣು ತುಳಿಯುವ ಗೋರ, ತನ್ನ ಕೂಸನ್ನೇ ತುಳಿದುಬಿಡುತ್ತಾನೆ. ಕೊನೆಗೆ ದೇವರು ಮಗುವನ್ನು ಮರಳಿ ಕೊಡುತ್ತಾನೆ, ನಿಜ. ಆದರೆ ನಡುವೆ ಆ ತಾಯಿ ಪಟ್ಟ ಸಂಕಟ? ಅದನ್ನು ಮರಳಿ ತೆಗೆದುಕೊಳ್ಳೋಕೆ ಯಾವ ವಿಠ್ಠಲನಿಗೂ ಆಗೋದಿಲ್ಲ. ಇದನ್ನು ಸುಮ್ನೆ ಭಕ್ತಿಚಿತ್ರ ಅಂತ ಬದಿಗಿಡುವುದು ತಪ್ಪು.

ಮೂರು ವರ್ಷದ ಮೇಲೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’. ಇದೂ ಅನಂತಮೂರ್ತಿಯವರ ಕಥೆಯೇ. ‘ಸಂಸ್ಕಾರ’ದಲ್ಲಿ ಸತ್ತವನಿಗೆ ಸಂಸ್ಕಾರ ಸಿಗಲಿಲ್ಲ. ಇಲ್ಲಿ ಬದುಕಿರುವವಳಿಗೇ ಶ್ರಾದ್ಧ. ವಿಧವೆ ಯಮುನಕ್ಕ ಬಸುರಾದಳು ಅಂತ ಹೆತ್ತ ತಂದೆಯೇ ಮಡಕೆ ಒಡೆದು ಅವಳನ್ನು ಕಳೆದುಕೊಳ್ಳುತ್ತಾನೆ. ಈ ಚಿತ್ರದಲ್ಲಿ ದೇವರನ್ನು ಯಾರೂ ಪ್ರಶ್ನೆ ಕೇಳೋದಿಲ್ಲ. ಮಂತ್ರ ಮಾತ್ರ ಕೇಳಿಸುತ್ತಾ ಇರುತ್ತದೆ. ಇದನ್ನೆಲ್ಲ ನೋಡುತ್ತಾ ಇರೋದು ವೇದ ಕಲಿಯಲು ಆ ಮನೆಗೆ ಬಂದ ಪುಟ್ಟ ಹುಡುಗ ನಾಣಿ. ಅಪ್ಪ ಅವನನ್ನು ಊರಿಗೆ ವಾಪಸ್ ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಮರದ ಕೆಳಗೆ, ತಲೆ ಬೋಳಿಸಿದ ಯಮುನಕ್ಕ ಒಬ್ಬಳೇ ಕೂತಿದ್ದಾಳೆ.