ಪಟ್ಟಿ ಕೊಂಡರೆ ಗ್ರಾಹಕ ಬರುವುದಿಲ್ಲ

ಆನ್‌ಲೈನ್ ಆಟಗಳನ್ನು ಹಲವರು ಒಟ್ಟಿಗೆ ಆಡಲು ಬೇಕಾದ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಚಿಕ್ಕ ಗೇಮ್ ಸರ್ವರ್ ಹೋಸ್ಟಿಂಗ್ ಕಂಪನಿಯೊಂದನ್ನು ಕೊಳ್ಳಲು ಹೊರಟವರು ನನ್ನ ಬಳಿ ಸಲಹೆಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಒಬ್ಬೊಬ್ಬ ಗ್ರಾಹಕ ತಲಾ ಎಷ್ಟಕ್ಕೆ ಬೀಳುತ್ತಾನೆ?’ ಜಾಹೀರಾತಿಗೆ ಸುರಿಯುವ ಹಣಕ್ಕಿಂತ ಅಗ್ಗವಾದರೆ ಖರೀದಿ ಲಾಭ ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ, ‘ಗ್ರಾಹಕ’ ಎಂದು ಅವರು ಯಾರನ್ನು ಎಣಿಸುತ್ತಿದ್ದಾರೋ ಅಲ್ಲಿದೆ ತಪ್ಪು. ಮಾರುವವನು ಕೊಡುವುದು ಹೆಸರು, ಇಮೇಲ್ ಮತ್ತು ಹಳೆಯ ಇನ್‌ವಾಯ್ಸ್‌ಗಳ ಪಟ್ಟಿಯನ್ನು. ಆ ಪಟ್ಟಿಯಲ್ಲಿರುವ ಪ್ರತಿಯೊಬ್ಬನೂ ಹೊಸ ಮಾಲೀಕನಿಗೆ ಹಣ ಕೊಡಬೇಕೋ ಬೇಡವೋ ಎಂದು ಮುಂದಿನ ತಿಂಗಳು ಹೊಸದಾಗಿ ತೀರ್ಮಾನಿಸುತ್ತಾನೆ. ಇಷ್ಟನ್ನು ಮನಗಾಣಿಸಲು ನಾನು ವರ್ಷಗಳಿಂದ ಹೆಣಗುತ್ತಿದ್ದೇನೆ.

ಮಾರಾಟಕ್ಕೆ ಬರುವವರನ್ನು ಮೊದಲು ನೋಡಿ. ನನ್ನ ಮೇಜಿಗೆ ಬರುವ ಭಾರತದ ಕಡತಗಳಲ್ಲಿ ಬಹಳಷ್ಟು ಎಂಜಿನಿಯರಿಂಗ್ ಓದುತ್ತಿರುವ ಅಥವಾ ಈಗಷ್ಟೇ ಓದು ಮುಗಿಸಿದ ಹುಡುಗರವು. ಮುಂಬೈಯಲ್ಲೋ ಸಿಂಗಪುರದಲ್ಲೋ ಒಂದೆರಡು ಯಂತ್ರಗಳನ್ನು ತಿಂಗಳ ಬಾಡಿಗೆಗೆ ಹಿಡಿದು, ಸರ್ವರ್‌ಗಳನ್ನು ನಿಭಾಯಿಸುವ ಟೆರೊಡಾಕ್ಟಿಲ್ ಪ್ಯಾನೆಲ್ ಕೂರಿಸಿ, ಬಿಲ್ಲಿಂಗಿಗೆ ಡಬ್ಲ್ಯುಎಚ್‌ಎಂಸಿಎಸ್ ಎಂಬ ತಂತ್ರಾಂಶ ಹಾಕಿ, ಡಿಸ್ಕಾರ್ಡ್ ಎಂಬ ಹರಟೆ ಆ್ಯಪ್‌ನಲ್ಲಿ ಒಂದು ಚಾನೆಲ್ ತೆರೆದರೆ ವ್ಯಾಪಾರ ಶುರು. ಈ ಹುಡುಗರ ಮೇಲೆ ನನಗೆ ಬಹಳ ಅಭಿಮಾನ. ರಾತ್ರಿ ಎರಡಕ್ಕೆ ಯಾರದೋ ಮೈನ್‌ಕ್ರಾಫ್ಟ್ ಆಟದ ಸರ್ವರ್, ಆಟಕ್ಕೆ ಹೊಸ ಸೌಲಭ್ಯ ಸೇರಿಸುವ ಎರಡು ಪ್ಲಗಿನ್‌ಗಳ ತಿಕ್ಕಾಟದಲ್ಲಿ ಕುಸಿದರೆ, ಲಾಗ್ ತೆರೆದು ತಪ್ಪಿರುವ ಸಾಲನ್ನು ತೋರಿಸಿ, ಸರಿಪಡಿಸಿ, ‘ಈಗ ಒಳಗೆ ಬನ್ನಿ’ ಎಂದು ಹೇಳಿ ಮಲಗುವವರು ಇವರು. ದೊಡ್ಡ ಕಂಪನಿಯ ಸಹಾಯ ವಿಭಾಗ ಅದೇ ದೂರಿಗೆ ‘ಪ್ಲಗಿನ್ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಉತ್ತರಿಸುತ್ತದೆ.

ಇವರಲ್ಲಿ ಹೆಚ್ಚಿನವರದು ಏಕಮಾಲೀಕತ್ವದ ಉದ್ದಿಮೆ. ಕಂಪನಿ ಎಂದು ಹೇಳಿಕೊಂಡರೂ ಕಾನೂನಿನ ಕಣ್ಣಿಗೆ ಮಾಲೀಕ ಬೇರೆ, ಉದ್ದಿಮೆ ಬೇರೆ ಅಲ್ಲ. ಪ್ಯಾನ್ ಅವನದು, ಜಿಎಸ್‌ಟಿ ನೋಂದಣಿ ಇದ್ದರೆ ಅದೂ ಅವನದು, ಆನ್‌ಲೈನ್ ಹಣ ಪಡೆದುಕೊಡುವ ಪಾವತಿ ಗೇಟ್‌ವೇಯ ಖಾತೆ ಅವನದು, ಯುಪಿಐ ಐಡಿ ಅವನದು. ಮಾರಲು ಷೇರುಗಳೇ ಇಲ್ಲ. ಈ ಒಂದು ಸಂಗತಿಯಿಂದ ಏನೇನಾಗುತ್ತದೆ ಎಂಬುದನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಪದೇ ಪದೇ ಎಡವುವುದು ಇಲ್ಲಿಯೇ.

ಗ್ರಾಹಕನೊಬ್ಬ ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗಲಿ ಎಂದು ಕಾರ್ಡ್ ಮೂಲಕ ಒಪ್ಪಿಗೆ ಕೊಟ್ಟಿದ್ದಾನೆ ಎಂದುಕೊಳ್ಳಿ. ಆ ಒಪ್ಪಿಗೆಯನ್ನು ಆತ ಕೊಟ್ಟಿರುವುದು ನಿರ್ದಿಷ್ಟ ವ್ಯಾಪಾರಿಗೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಇಂಥ ಮರುಕಳಿಸುವ ಪಾವತಿಗಳನ್ನು ನೋಂದಾಯಿಸುವಾಗ ಗ್ರಾಹಕ ಹೆಚ್ಚುವರಿ ದೃಢೀಕರಣ, ಸಾಮಾನ್ಯವಾಗಿ ಒಟಿಪಿ, ಕೊಡಲೇಬೇಕು. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಹೋಗುತ್ತದೆ; ಅದರಲ್ಲಿ ವ್ಯಾಪಾರಿಯ ಹೆಸರು, ಮೊತ್ತ, ದಿನಾಂಕ ಇರುತ್ತವೆ, ಬೇಡವೆನ್ನುವ ಅವಕಾಶವೂ ಇರುತ್ತದೆ. ಒಟಿಪಿ ಇಲ್ಲದೆ ಕಡಿತವಾಗುವ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಗೇಮ್ ಸರ್ವರ್‌ನ ತಿಂಗಳ ಬಾಡಿಗೆ ಸಾಮಾನ್ಯವಾಗಿ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಹಾಗಾಗಿ ಮಿತಿಯ ತೊಡಕಿಲ್ಲ. ಹೆಸರಿನದೇ ತೊಡಕು. ಇದರ ಮೇಲೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಅವನ ಬಳಿ ಇರುವುದು ಆ ಸಂಖ್ಯೆಯ ಬದಲಿಗೆ ಕೊಟ್ಟ ಸಂಕೇತ, ಅಂದರೆ ಟೋಕನ್ ಮಾತ್ರ. ಆ ಟೋಕನ್ ಕಾರ್ಡಿಗೂ ಆ ವ್ಯಾಪಾರಿಗೂ ಜೋಡಿಸಿ ಹುಟ್ಟಿದ್ದು. ನಿಮ್ಮ ಗೇಟ್‌ವೇ ಖಾತೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ವಿದೇಶಿ ಗ್ರಾಹಕರ ಮಟ್ಟಿಗೆ ಪೇಪಾಲ್ ಚಂದಾದಾರಿಕೆಗಳ ಪಾಡೂ ಇದೇ. ಅವು ಸ್ವೀಕರಿಸುವ ಖಾತೆಗೆ ಅಂಟಿಕೊಂಡಿರುತ್ತವೆ. ಇನ್ನೊಂದು ಖಾತೆಗೆ ಎತ್ತಿ ಕೊಡಲು ಬರುವುದಿಲ್ಲ. ಸ್ಟ್ರೈಪ್ ಎಂಬ ಇನ್ನೊಂದು ಪಾವತಿ ಸೇವೆಯಲ್ಲಿ ಕೋರಿಕೆ ಸಲ್ಲಿಸಿ ಒಂದು ಖಾತೆಯ ಕಾರ್ಡ್ ದತ್ತಾಂಶವನ್ನು ಇನ್ನೊಂದಕ್ಕೆ ನಕಲು ಮಾಡಿಸಬಹುದು, ಆದರೆ ಚಂದಾದಾರಿಕೆಗಳನ್ನು ಹೊಸದಾಗಿ ಕಟ್ಟಬೇಕು. ಯುಪಿಐ ಆಟೊಪೇಯ ಒಪ್ಪಿಗೆಯೂ ಪಡೆಯುವವನ ಹೆಸರಿಗೇ ಇರುವಂಥದ್ದು. ಮಾಮೂಲಿ ಯುಪಿಐನಲ್ಲಿ ತಿಂಗಳು ತಿಂಗಳು ಕೈಯಾರೆ ಹಣ ಕಳುಹಿಸುವ ಗ್ರಾಹಕನಂತೂ ಯಾವ ಒಪ್ಪಿಗೆಯನ್ನೂ ಕೊಟ್ಟೇ ಇಲ್ಲ. ಭಾರತದ ಚಿಕ್ಕ ಹೋಸ್ಟ್‌ಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಈ ಗುಂಪನ್ನೇ.

ಹೀಗೆ ಹೇಳಿದಾಗ ಕೊಳ್ಳುವವರು ತಲೆಯಾಡಿಸುತ್ತಾರೆ. ಮರುದಿನ ಅವರ ಹಣಕಾಸು ವಿಭಾಗದಿಂದ ಬರುವ ಎಕ್ಸೆಲ್ ಹಾಳೆಯಲ್ಲಿ ಮೊದಲ ತಿಂಗಳ ಆದಾಯ ಎಂಬ ಸಾಲಿನಲ್ಲಿ ಮಾರುವವನ ಕಳೆದ ತಿಂಗಳ ಅಂಕಿಯೇ ಕೂತಿರುತ್ತದೆ. ನನಗೆ ತಾಳ್ಮೆ ತಪ್ಪುವುದು ಆ ಸಾಲನ್ನು ಕಂಡಾಗ. ಆ ಹಣ ಬರಬೇಕಾದರೆ ಪಟ್ಟಿಯ ಪ್ರತಿಯೊಬ್ಬನೂ ನಿಮ್ಮ ಇಮೇಲ್ ತೆರೆಯಬೇಕು, ಅದು ಮೋಸದ ಪತ್ರವಲ್ಲ ಎಂದು ನಂಬಬೇಕು, ಕೊಂಡಿ ಒತ್ತಬೇಕು, ಕಾರ್ಡ್ ಹುಡುಕಿ ತರಬೇಕು, ಒಟಿಪಿ ಹಾಕಬೇಕು. ಬಳಸದ ಸರ್ವರ್‌ಗೆ ಮರೆವಿನಿಂದ ಹಣ ಕಟ್ಟುತ್ತಿದ್ದವನಿಗೆ ‘ಇದು ನನಗೆ ಬೇಕೇ?’ ಎಂಬ ಪ್ರಶ್ನೆಯನ್ನು ನೀವೇ ಕೇಳಿಸಿದಂತಾಗುತ್ತದೆ.

ಇನ್ನೂ ಒಂದು ಸಂಗತಿ ಇದೆ: ಆಡುವವನು ಒಬ್ಬ, ಹಣ ಕೊಡುವವರು ಇನ್ನೊಬ್ಬರು. ಒಂದು ಖರೀದಿ ಮುಗಿದ ತಿಂಗಳು ಹೊಸ ಮಾಲೀಕರ ಸಹಾಯವಾಣಿಗೆ ದಾವಣಗೆರೆಯಿಂದ ತಾಯಿಯೊಬ್ಬರು ಕರೆ ಮಾಡಿದ್ದರು. ನಾನು ಆಗ ಅದೇ ಕೋಣೆಯಲ್ಲಿದ್ದೆ. ಹೊಸ ಒಪ್ಪಿಗೆ ಕೇಳಿ ಬಂದ ಸಂದೇಶದಲ್ಲಿ ಅಪರಿಚಿತ ಹೆಸರು ಕಂಡು ಗಾಬರಿಯಾಗಿದ್ದರು. ಮಗನಿಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗ ‘ಆ ಬ್ಲಾಕ್ ಜೋಡಿಸುವ ಆಟಕ್ಕೆ’ ಎಂದು ಒಮ್ಮೆ ಒಪ್ಪಿಕೊಂಡಿದ್ದು ಅವರಿಗೆ ನೆನಪಿತ್ತು, ಕಂಪನಿ ಮಾರಿದ ಹಳೆಯ ಹುಡುಗನ ಹೆಸರೂ ನೆನಪಿತ್ತು. ‘ಅವನು ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದ, ನೀವು ಯಾರು?’ ಎಂದರು. ಸಹಾಯವಾಣಿಯ ಹುಡುಗಿ ವಿನಯದಿಂದಲೇ ಉತ್ತರಿಸಿದಳು, ಆದರೆ ಅವಳ ಮುಂದಿದ್ದ ಪರದೆಯಲ್ಲಿ ಗ್ರಾಹಕನ ಸಂಖ್ಯೆ ಬಿಟ್ಟು ಬೇರೇನೂ ಇರಲಿಲ್ಲ. ಆ ತಾಯಿ ಒಪ್ಪಿಗೆ ಕೊಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಪಟ್ಟಿಯಲ್ಲಿ ಮಕ್ಕಳ ಹೆಸರಿರುವುದು ಕಾನೂನಿನ ವಿಷಯವೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ. ಪಟ್ಟಿ ಕೈಬದಲಾಗುವ ಮೊದಲು ಇದನ್ನು ವಕೀಲರಿಗೆ ತೋರಿಸುವುದು ಒಳ್ಳೆಯದು.

ಇನ್ನು ಪಟ್ಟಿಯ ಒಳಗೇನಿದೆ ಎಂಬ ಮಾತು. ಡಬ್ಲ್ಯುಎಚ್‌ಎಂಸಿಎಸ್‌ನಲ್ಲಿ ‘ಆಕ್ಟಿವ್’ ಎಂದು ತೋರಿಸುವ ಗ್ರಾಹಕರೆಲ್ಲ ಹಣ ಕಟ್ಟುತ್ತಿದ್ದಾರೆ ಎಂದು ನಂಬಬೇಡಿ. ಸೇವೆ ರದ್ದಾಗಿ ತಿಂಗಳುಗಳಾದರೂ ಖಾತೆ ಹಾಗೆಯೇ ಉಳಿದಿರಬಹುದು. ಯೂಟ್ಯೂಬರ್‌ಗಳಿಗೆ ಪ್ರಚಾರಕ್ಕೆಂದು ಪೂರ್ತಿ ರಿಯಾಯಿತಿ ಕೊಟ್ಟ ಸರ್ವರ್‌ಗಳು ಅಲ್ಲಿರುತ್ತವೆ; ಅತಿ ಹೆಚ್ಚು ಸಂಪನ್ಮೂಲ ನುಂಗುವುದೂ ಹಲವು ಬಾರಿ ಅವೇ. ವರ್ಷದ ಹಣ ಮುಂಗಡ ಕಟ್ಟಿದವರು ಇರುತ್ತಾರೆ. ಆ ಹಣವನ್ನು ಮಾರುವವನು ಖರ್ಚು ಮಾಡಿಯಾಗಿದೆ, ಉಳಿದ ತಿಂಗಳುಗಳ ಸೇವೆ ಮಾತ್ರ ನಿಮ್ಮ ಪಾಲಿಗೆ. ‘ಲೈಫ್‌ಟೈಮ್’ ಯೋಜನೆ ಮಾರಿದ್ದರೆ ಆ ಹೊರೆಯನ್ನು ಬೆಲೆಯಿಂದ ಕಳೆಯದೆ ಸಹಿ ಹಾಕಬೇಡಿ.

ಕಾಲವನ್ನೂ ನೋಡಬೇಕು. 2021ರ ಫೆಬ್ರುವರಿಯಲ್ಲಿ ವ್ಯಾಲ್‌ಹೈಮ್, 2024ರ ಜನವರಿಯಲ್ಲಿ ಪ್ಯಾಲ್‌ವರ್ಲ್ಡ್ ಆಟಗಳು ಬಂದಾಗ ಹೋಸ್ಟಿಂಗ್ ಕಂಪನಿಗಳಿಗೆ ಉಸಿರಾಡಲು ಬಿಡುವಿರಲಿಲ್ಲ. ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಪ್ಯಾಲ್‌ವರ್ಲ್ಡ್ ಅನ್ನು ಏಕಕಾಲಕ್ಕೆ ಆಡಿದವರು ಒಂದು ಹಂತದಲ್ಲಿ 20 ಲಕ್ಷ ದಾಟಿದರು. ಅಂಥ ಅಲೆಯ ನೆತ್ತಿಯ ತಿಂಗಳನ್ನು ಹಿಡಿದು ‘ತಿಂಗಳ ಆದಾಯದ ಇಷ್ಟು ಪಟ್ಟು’ ಎಂದು ಬೆಲೆ ಕಟ್ಟಿದರೆ, ಅಲೆ ಇಳಿದ ಮೇಲೆ ಕೈಯಲ್ಲಿ ಉಳಿಯುವುದು ಖಾಲಿ ಯಂತ್ರಗಳ ಬಾಡಿಗೆ. ಹಾಗಾಗಿ ನಾನು ಕೇಳುವುದು ಎರಡೇ ಪುರಾವೆ. ಒಂದು, ಹಿಂದಿನ ವರ್ಷದ ಒಂದು ಸಾಮಾನ್ಯ ತಿಂಗಳಲ್ಲಿ ಸೇರಿದವರಲ್ಲಿ ಇಂದಿಗೂ ಹಣ ಕಟ್ಟುತ್ತಿರುವವರ ಇನ್‌ವಾಯ್ಸ್‌ಗಳು, ಅದರ ಜೊತೆಗೆ ಬ್ಯಾಂಕ್ ವಿವರ. ಇನ್ನೊಂದು, ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಪ್ಯಾನೆಲ್ ತೆರೆದು, ಎಷ್ಟು ಸರ್ವರ್‌ಗಳ ಒಳಗೆ ನಿಜವಾಗಿ ಮನುಷ್ಯರಿದ್ದಾರೆ ಎಂಬ ನೋಟ. ಆಟಗಾರರಿಲ್ಲದ ಸರ್ವರ್ ಇಂದಲ್ಲ ನಾಳೆ ರದ್ದಾಗುವಂಥದ್ದು.

ಇಷ್ಟೆಲ್ಲ ದಾಟಿ ಬಂದವರೂ ಕೊನೆಗೆ ಯಂತ್ರಗಳ ಸ್ಥಳಾಂತರದಲ್ಲಿ ಕೈಸುಟ್ಟುಕೊಳ್ಳುತ್ತಾರೆ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್‌ಗಳಲ್ಲಿ, ಅಂದರೆ ಆಟದ ಲೋಕವನ್ನು ಮುಂದೊಯ್ಯುವ 20 ಹೆಜ್ಜೆಗಳಲ್ಲಿ ನಡೆಯುತ್ತದೆ. ಒಂದೊಂದು ಟಿಕ್‌ಗೂ ಸಿಗುವುದು 50 ಮಿಲಿಸೆಕೆಂಡ್. ಅದರ ಮುಖ್ಯ ಕೆಲಸವೆಲ್ಲ ಬಹುಮಟ್ಟಿಗೆ ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಬೀಳುತ್ತದೆ. ಚಿಕ್ಕ ಹೋಸ್ಟ್‌ನ ಹುಡುಗ ಇದನ್ನರಿತೇ ಹೆಚ್ಚು ವೇಗದ ರೈಜನ್ 9 ಪ್ರೊಸೆಸರ್‌ನ ಯಂತ್ರ ಹಿಡಿದಿರುತ್ತಾನೆ. ಕೊಂಡ ಕಂಪನಿ ‘ನಮ್ಮದು 64 ಕೋರ್‌ನ ಸರ್ವರ್’ ಎಂಬ ಹೆಮ್ಮೆಯಲ್ಲಿ ಎಲ್ಲರನ್ನೂ ಅಲ್ಲಿಗೆ ಸಾಗಿಸುತ್ತದೆ. ಕೋರ್‌ಗಳು ಹೆಚ್ಚಾದವು, ಒಂದೊಂದರ ವೇಗ ಕಡಿಮೆಯಾಯಿತು. 20 ಇದ್ದ ಟಿಕ್ 14ಕ್ಕೆ ಇಳಿದರೆ ಬಾಣ ತಡವಾಗಿ ತಾಗುತ್ತದೆ, ಒಡೆದ ಬ್ಲಾಕ್ ಮತ್ತೆ ಪ್ರತ್ಯಕ್ಷವಾಗುತ್ತದೆ. ಹನ್ನೆರಡು ವರ್ಷದ ಮಗುವಿಗೂ ಅದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಐಪಿ ವಿಳಾಸವೂ ಹಾಗೆ. ಬಾಡಿಗೆ ಯಂತ್ರದ ವಿಳಾಸ ಯಂತ್ರ ಕೊಟ್ಟ ಕಂಪನಿಯದು. ನೀವು ಹೊರಟರೆ ಅದು ಅಲ್ಲಿಯೇ ಉಳಿಯುತ್ತದೆ. ಆಟಗಾರರು ಆ ವಿಳಾಸವನ್ನೂ ಪೋರ್ಟನ್ನೂ ತಮ್ಮ ಪಟ್ಟಿಯಲ್ಲಿ ಉಳಿಸಿಕೊಂಡಿರುತ್ತಾರೆ. ಅದು ಬದಲಾದ ದಿನ ನಿಮ್ಮ ಗ್ರಾಹಕನಿಗೆ ಅವನ ಆಟಗಾರರೇ ತಪ್ಪಿಹೋಗುತ್ತಾರೆ. ಮಾರುವವನ ಬಳಿ ಸ್ವಂತದ 256 ವಿಳಾಸಗಳ ಗುಂಪು ಇದ್ದರೆ ಅದನ್ನು ವರ್ಗಾಯಿಸಿಕೊಳ್ಳಬಹುದು, ತೊಂದರೆಯೂ ತಪ್ಪುತ್ತದೆ. ಇದೆಯೇ ಎಂದು ಮೊದಲ ಸಭೆಯಲ್ಲೇ ಕೇಳಿ. ನಕಲಿ ಸಂಪರ್ಕಗಳ ಪ್ರವಾಹ ಹರಿಸಿ ಸರ್ವರ್ ಕೆಡಹುವ ದಾಳಿಗಳನ್ನು ತಡೆಯುವ ವ್ಯವಸ್ಥೆ ಏನಿದೆ ಎಂದೂ ಕೇಳಿ: 2016ರಲ್ಲಿ ಅಂತರಜಾಲವನ್ನೇ ನಡುಗಿಸಿದ ಮಿರಾಯ್ ಬಾಟ್‌ನೆಟ್‌ನ (ಸೋಂಕು ತಗುಲಿಸಿ ದಾಳಿಗೆ ಬಳಸುವ ಸಾಧನಗಳ ಜಾಲದ) ಬೇರು ಇದ್ದದ್ದು ಮೈನ್‌ಕ್ರಾಫ್ಟ್ ಸರ್ವರ್‌ಗಳ ವ್ಯಾಪಾರದ ಪೈಪೋಟಿಯಲ್ಲಿ.

ಪಟ್ಟಿ ಕೊಂಡು ಎಲ್ಲರನ್ನೂ ಒಂದೇ ಸೂರಿಗೆ ತರುವ ಆಸೆ ದೊಡ್ಡವರಿಗೂ ದುಬಾರಿಯಾಗಿದೆ. ವೆಬ್ ಹೋಸ್ಟಿಂಗ್‌ನಲ್ಲಿ ಒಂದರ ಹಿಂದೊಂದು ಕಂಪನಿ ಕೊಂಡ ಅಮೆರಿಕದ ಎಂಡ್ಯೂರೆನ್ಸ್ 2012ರಲ್ಲಿ ಹೋಸ್ಟ್‌ಗೇಟರ್ ಅನ್ನೂ ಕೊಂಡಿತು. 2013ರ ಆಗಸ್ಟ್ 2ರಂದು ಯೂಟಾದ ಪ್ರೊವೊ ಡೇಟಾ ಸೆಂಟರ್ ಕೆಟ್ಟಾಗ ಅದೇ ಗುಂಪಿನ ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಹೋಸ್ಟ್‌ಮಾನ್‌ಸ್ಟರ್, ಜಸ್ಟ್‌ಹೋಸ್ಟ್ ನಾಲ್ಕರ ಗ್ರಾಹಕರೂ ಒಟ್ಟಿಗೆ ತೊಂದರೆಗೆ ಸಿಲುಕಿದರು. ನಮ್ಮಲ್ಲಿ ಅನೇಕರು ಡೊಮೈನ್ ಕೊಂಡ ಬಿಗ್‌ರಾಕ್ ಕೂಡ ಮುಂದೆ ಅದೇ ಗುಂಪಿನ ಪಾಲಾಯಿತು. ಗೇಮ್ ಸರ್ವರ್ ಕ್ಷೇತ್ರದಲ್ಲಿ ಇನ್ನೊಂದು ಬಗೆಯ ಉದಾಹರಣೆಯಿದೆ. ಬ್ರಿಟನ್ನಿನ ಮಲ್ಟಿಪ್ಲೇ ಕಂಪನಿಯನ್ನು ಅಲ್ಲಿನ ‘ಗೇಮ್’ ಎಂಬ ಅಂಗಡಿ ಸರಪಳಿ 2015ರಲ್ಲಿ 2 ಕೋಟಿ ಪೌಂಡ್‌ಗೆ ಕೊಂಡು, ಅದರ ಸರ್ವರ್ ವಿಭಾಗವನ್ನಷ್ಟೇ 2017ರಲ್ಲಿ 1.9 ಕೋಟಿ ಪೌಂಡ್‌ಗೆ ಆಟ ಕಟ್ಟುವ ತಂತ್ರಾಂಶದ ಕಂಪನಿ ಯೂನಿಟಿಗೆ ಮಾರಿತು. ಟೈಟನ್‌ಫಾಲ್ 2ರಂಥ ಆಟದ ಸರ್ವರ್‌ಗಳನ್ನು ನಡೆಸುವ ತಂತ್ರಜ್ಞಾನ ಮತ್ತು ಅದನ್ನು ಕಟ್ಟಿದ ಜನ ಆ ವಿಭಾಗದಲ್ಲಿದ್ದರು. ಬೆಲೆ ಅವಕ್ಕೆ ಬಂದದ್ದು ಎಂದು ನಾನು ಭಾವಿಸುತ್ತೇನೆ.

ಹಾಗಾದರೆ ಕೊಳ್ಳುವುದೇ ಬೇಡವೇ ಎಂದು ಕೇಳುತ್ತಾರೆ. ಕೊಳ್ಳಿ, ಆದರೆ ಹಣವನ್ನು ಒಂದೇ ಸಲ ಕೊಡಬೇಡಿ. ಒಂದು ಭಾಗ ಸಹಿಯ ದಿನ, ಉಳಿದದ್ದು ಮುಂದಿನ ಆರೆಂಟು ತಿಂಗಳು ಆ ಗ್ರಾಹಕರಿಂದ ನಿಮ್ಮ ಖಾತೆಗೆ ನಿಜವಾಗಿ ಬಂದ ಹಣದ ಮೇಲೆ. ಹೆಸರು, ಬಿಲ್ಲಿಂಗ್, ಯಂತ್ರ ಮೂರನ್ನೂ ಒಂದೇ ತಿಂಗಳು ಬದಲಿಸಬೇಡಿ. ಮೊದಲು ಪಾವತಿ, ಯಂತ್ರಗಳು ಇದ್ದಲ್ಲೇ ಇರಲಿ, ಬಾಡಿಗೆ ಕರಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡರೆ ಸಾಕು. ಬರೀ ಪಟ್ಟಿ ಕೊಳ್ಳುವುದಕ್ಕೂ ನಡೆಯುತ್ತಿರುವ ಉದ್ದಿಮೆಯನ್ನು ಇಡಿಯಾಗಿ ಕೊಳ್ಳುವುದಕ್ಕೂ ಜಿಎಸ್‌ಟಿಯಲ್ಲಿ ವ್ಯತ್ಯಾಸವಿದೆ, ಅದನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ಬಿಡಿ.

ಕೊನೆಯದಾಗಿ ಆ ಹುಡುಗನ ವಿಷಯ. ಕೊಳ್ಳುವವರು ಅವನಿಂದ ಸ್ಪರ್ಧೆ ಮಾಡದ ಕರಾರು ಬರೆಸಿಕೊಂಡು ಮರುದಿನವೇ ಡಿಸ್ಕಾರ್ಡ್‌ನಿಂದ ಹೊರಗೆ ಕಳುಹಿಸಲು ಆತುರಪಡುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ವ್ಯಾಪಾರಕ್ಕೆ ತಡೆಯೊಡ್ಡುವ ಕರಾರುಗಳನ್ನು ಅಸಿಂಧು ಎನ್ನುತ್ತದೆ. ಗುಡ್‌ವಿಲ್, ಅಂದರೆ ವ್ಯಾಪಾರ ಗಳಿಸಿದ ಹೆಸರನ್ನು ಮಾರಿದವನಿಗೆ ನಿರ್ದಿಷ್ಟ ಸ್ಥಳೀಯ ಎಲ್ಲೆಯೊಳಗೆ, ನ್ಯಾಯಾಲಯಕ್ಕೆ ಸಮಂಜಸವೆನಿಸುವಷ್ಟು ಮಾತ್ರ ನಿರ್ಬಂಧ ಹಾಕಲು ಅದರಲ್ಲಿ ಅವಕಾಶವಿದೆ. ಅಂತರಜಾಲದ ವ್ಯಾಪಾರಕ್ಕೆ ಆ ಎಲ್ಲೆಯನ್ನು ಹೇಗೆ ಬರೆಯುವುದು ಎಂಬುದನ್ನು ವಕೀಲರೊಡನೆ ಕುಳಿತು ನಿರ್ಧರಿಸಿ. ಅದರ ಜೊತೆಗೆ ಅವನಿಗೆ ಆರು ತಿಂಗಳ ಸಂಬಳ ಕೊಟ್ಟು ಅದೇ ಚಾನೆಲ್‌ನಲ್ಲಿ, ಅದೇ ಹೆಸರಿನಲ್ಲಿ ಉಳಿಸಿಕೊಳ್ಳಿ. ಹೊಸ ಪಾವತಿ ಕೊಂಡಿಯ ಪತ್ರ ಅವನ ಇಮೇಲ್‌ನಿಂದಲೇ, ಅವನ ಮಾತಿನಲ್ಲೇ ಹೋಗಲಿ. ಅದಕ್ಕೆ ಬರುವ ಪ್ರಶ್ನೆಗಳಿಗೂ ಮೊದಲ ತಿಂಗಳು ಅವನೇ ಉತ್ತರಿಸಲಿ.